ಸಾಣೆಕಲ್ಲಿನಿಂದ ಪಣಂಬೂರಿನವರೆಗೆ: ಎಳೆ ಮಗುವಿನ ಮದ್ದು, ಎಳೆ ಮಗುವಿನ ತಿರುಗಾಟ

2025ರ ಮೇ ತಿಂಗಳ ಒಂದು ಸಂಜೆ. ಕರೆಂಟು ಹೋಗಿತ್ತು. ಮಂಗಳೂರಿನ ಸೆಕೆಗೆ ಗೋಡೆಯೇ ಬೆವರುತ್ತದೋ ಎನ್ನುವ ಹಾಗಿತ್ತು. ಐದು ತಿಂಗಳ ಮಗಳಿಗೆ ಮೂಗು ಕಟ್ಟಿ, ಹಾಲು ಚೀಪಲಾಗದೆ, ಮನೆ ತುಂಬ ಅಳು. ಅತ್ತೆ ಸಾಣೆಕಲ್ಲು ಇಳಿಸಿ ಬಜೆ ತೇಯತೊಡಗಿದ್ದರು. ಮಾವ ತೆಂಗಿನೆಣ್ಣೆಗೆ ಕರ್ಪೂರದ ಬಿಲ್ಲೆ ಹಾಕಿ ಬಿಸಿ ಮಾಡಲು ಹೊರಟಿದ್ದರು. ಪಕ್ಕದ ಮನೆಯ ಅಕ್ಕ ಸಾಂಬ್ರಾಣಿ ಹೊಗೆಗೆ ಕೆಂಡ ಹಿಡಿದುಕೊಂಡೇ ಬಂದಿದ್ದರು. ಮಗುವಿನ ತಲೆಯ ಮೇಲೆ, ಅಷ್ಟು ಸೆಕೆಯಲ್ಲೂ, ಉಣ್ಣೆಯ ಟೊಪ್ಪಿ.

ನಾನು "ಬೇಡ ಅತ್ತೆ" ಎಂದೆ. ಯಾಕೆ ಬೇಡ ಎಂದು ಬಿಡಿಸಿ ಹೇಳಲು ಆಗ ನನಗೆ ಬರಲಿಲ್ಲ. ಅತ್ತೆ ಕೇಳಿದ ಮಾತು ಮಾತ್ರ ನೆಟ್ಟಗಿತ್ತು: "ನಿನ್ನ ಗಂಡನನ್ನು ಇದೇ ಬಜೆ ನೆಕ್ಕಿಸಿ ಸಾಕಿದ್ದಲ್ವಾ ಮಾರಾಯ್ತಿ, ಅವನಿಗೆ ಎಂತ ಆಗಿದೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಮಕ್ಕಳ ಡಾಕ್ಟರರನ್ನು ಕಾಡಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಹಳೆಯದೆಲ್ಲ ಮೌಢ್ಯ ಎನ್ನುವವರೂ, ಗಿಡಮೂಲಿಕೆಯಾದರೆ ಅಪಾಯವೇ ಇಲ್ಲ ಎನ್ನುವವರೂ ಮಾಡುವ ತಪ್ಪು ಒಂದೇ. ಇಬ್ಬರೂ ಮದ್ದನ್ನು ನೋಡುತ್ತಾರೆ, ಮಗುವಿನ ದೇಹವನ್ನು ನೋಡುವುದಿಲ್ಲ. ಆ ದೇಹದ ಲೆಕ್ಕ ಒಮ್ಮೆ ಗೊತ್ತಾದರೆ ಯಾವ ಅಜ್ಜಿಮದ್ದು ಇಟ್ಟುಕೊಳ್ಳಬಹುದು, ಯಾವುದನ್ನು ಕೈಬಿಡಬೇಕು, ಮಗುವನ್ನು ಎತ್ತಿಕೊಂಡು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗಬಹುದು ಎಂಬುದೆಲ್ಲ ತನ್ನಿಂದ ತಾನೇ ಬಿಡಿಸಿಕೊಳ್ಳುತ್ತದೆ.

ಎಳೆ ದೇಹದ ಲೆಕ್ಕ

ಮೊದಲು ಚರ್ಮ. ಮೂರು ಕಿಲೋ ತೂಕದ ಹಸುಗೂಸಿನ ಚರ್ಮ ಬಿಡಿಸಿ ಹಾಸಿದರೆ ಸುಮಾರು 0.2 ಚದರ ಮೀಟರ್ ಆಗುತ್ತದೆ. 60 ಕಿಲೋ ತೂಗುವ ನನ್ನದು 1.6ರ ಆಸುಪಾಸು. ಕಿಲೋಗೆ ಇಷ್ಟು ಚರ್ಮ ಎಂದು ಲೆಕ್ಕ ಹಾಕಿದರೆ ಮಗುವಿನದು ನನ್ನದರ ಎರಡೂವರೆ ಪಟ್ಟು. ಮೈಗೆ ಸವರಿದ್ದು ಒಳಗಿಳಿಯುವುದೂ ಅದಕ್ಕೆ ತಕ್ಕಂತೆ ಹೆಚ್ಚು, ಹೊರಗಿನ ಬಿಸಿ ಒಳಬರುವುದೂ ಹೆಚ್ಚು.

ಆಮೇಲೆ ಉಸಿರಿನ ದಾರಿ. ಹಸುಗೂಸಿನ ಶ್ವಾಸನಾಳದ ಅಗಲ ಸುಮಾರು 4 ಮಿಲಿಮೀಟರ್. ಒಳಗೆ ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ ಉಳಿಯುವುದು 2. ಅಗಲ ಅರ್ಧಕ್ಕಿಳಿದರೆ ಗಾಳಿ ಎಳೆಯುವ ಕಷ್ಟ ಎರಡು ಪಟ್ಟಲ್ಲ, 16 ಪಟ್ಟು ಆಗುತ್ತದೆ. ದೊಡ್ಡವರ ಅಗಲವಾದ ನಾಳದಲ್ಲಿ ಅಷ್ಟೇ ಊತ ಬಂದರೆ ಒಂದೆರಡು ಕೆಮ್ಮಿನಲ್ಲಿ ಮುಗಿದುಹೋಗುತ್ತದೆ. ಸಾಲದ್ದಕ್ಕೆ ಮೊದಲ ಕೆಲವು ತಿಂಗಳು ಮಕ್ಕಳು ಹೆಚ್ಚುಕಡಿಮೆ ಮೂಗಿನಲ್ಲೇ ಉಸಿರಾಡುವವರು. ಹಾಗಾಗಿ ನಮಗೆ ಬರೀ ನೆಗಡಿ ಎನಿಸುವುದು ಅವರಿಗೆ ಊಟಕ್ಕೇ ಅಡ್ಡಿ.

ಮೂರನೆಯದು ಲಿವರ್. ಹುಟ್ಟಿದ ಎರಡು ಮೂರು ದಿನಕ್ಕೆ ಎಷ್ಟೋ ಮಕ್ಕಳ ಕಣ್ಣು, ಮೈ ಹಳದಿಯಾಗುವುದನ್ನು ಎಲ್ಲರೂ ನೋಡಿರುತ್ತೇವೆ. ರಕ್ತದ ಹಳದಿ ಬಣ್ಣದ ಕಸವನ್ನು ಕರಗಿಸಿ ಹೊರಹಾಕುವ ಕೆಲಸ ಆ ಲಿವರಿಗೆ ಇನ್ನೂ ಪೂರ್ತಿ ಕೈಗೂಡಿರುವುದಿಲ್ಲ, ಅಷ್ಟೇ. ಕರ್ಪೂರದಂಥ ವಸ್ತುಗಳನ್ನು ಪಳಗಿಸಿ ಹೊರಗೆ ಕಳಿಸಬೇಕಾದ್ದೂ ಇದೇ ಲಿವರು, ಬಹುಪಾಲು ಇದೇ ಬಗೆಯ ಕೆಲಸದಿಂದ. (ಹಳದಿಗೆ ಎಳೆಬಿಸಿಲು ಮದ್ದು ಎಂದು ಕೂಸನ್ನು ಅಂಗಳದಲ್ಲಿ ಮಲಗಿಸುವವರು ಇನ್ನೂ ಇದ್ದಾರೆ. ಬಿಸಿಲನ್ನು ನೆಚ್ಚಿ ಕೂರಬಾರದು. ಹುಟ್ಟಿದ ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿನವರೆಗೆ ಇಳಿದರೆ, ಎರಡು ವಾರ ಕಳೆದರೂ ಹೋಗದಿದ್ದರೆ, ಕಕ್ಕ ಬಿಳಿಚಿದ್ದರೆ ಡಾಕ್ಟರರೇ ನೋಡಬೇಕು.)

ಕೊನೆಯದು ನೀರು. ಹಸುಗೂಸಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಆದರೆ ಕೊಡ ಚಿಕ್ಕದು, ಸೋರಿಕೆ ಬೇಗ. ನಾವು ಒಂದು ದಿನ ಭೇದಿಯಾದರೆ ಗಂಜಿ ಕುಡಿದು ಮಲಗುತ್ತೇವೆ, ಮಗುವಿಗೆ ಅಷ್ಟು ಸಮಯ ಇರುವುದಿಲ್ಲ.

ಇನ್ನು ಅತ್ತೆಯ ಪ್ರಶ್ನೆ. ನನ್ನ ಗಂಡನಿಗೆ ಏನೂ ಆಗಲಿಲ್ಲ, ನಿಜ. ಆದರೆ 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2023ಕ್ಕೆ ಅದು 25ಕ್ಕೆ ಇಳಿದಿದೆ. ಲಸಿಕೆ, ಆಸ್ಪತ್ರೆಯ ಹೆರಿಗೆ, ಶುದ್ಧ ನೀರು, ಓಆರ್‌ಎಸ್ ಇವೆಲ್ಲ ಸೇರಿ ಇಳಿಸಿದ ಸಂಖ್ಯೆ ಅದು. ಹೋದ ಮಕ್ಕಳೆಲ್ಲ ಬಜೆಯಿಂದ ಹೋದವು ಎಂದಲ್ಲ, ಖಂಡಿತ ಅಲ್ಲ. "ನಮಗೆಲ್ಲ ಎಂತ ಆಗಿದೆ" ಎಂದು ಸಾಕ್ಷಿ ಹೇಳಲು ಉಳಿದವರು ಮಾತ್ರ ಬರುತ್ತಾರೆ. ಅತ್ತೆಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಅಮ್ಮನಿಗೆ ಎಂಟು ಹೆತ್ತು ಐದೇ ಉಳಿದದ್ದು" ಎಂದರು. ಆ ಮಾತನ್ನು ಅವರು ಅದುವರೆಗೆ ನನ್ನ ಹತ್ತಿರ ಆಡಿರಲಿಲ್ಲ.

ಎಣ್ಣೆ, ಮೀಯುವುದು, ಹೊಗೆ

ಕರಾವಳಿಯ ಬಾಣಂತನದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಗುವನ್ನು ಮೀಯಿಸುವ ಕೆಲಸ. ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ತೆಂಗಿನೆಣ್ಣೆ ಸವರಿ, ಹದವಾಗಿ ತೀಡಿ, ಹಂಡೆಯ ಬೆಚ್ಚನೆ ನೀರು ಹೊಯ್ಯುವುದು. ಇದನ್ನು ಬಿಡಬೇಕಾಗಿಲ್ಲ. ತೆಂಗಿನೆಣ್ಣೆ ಎಳೆಚರ್ಮದ ತೇವ ಆರದಂತೆ ಕಾಯುತ್ತದೆ, ಚರ್ಮವನ್ನು ಕೆರಳಿಸುವ ಸ್ವಭಾವ ಕಡಿಮೆ. ಉತ್ತರದಲ್ಲಿ ಬಳಸುವ ಸಾಸಿವೆ ಎಣ್ಣೆ ಚರ್ಮದ ಮೇಲ್ಪದರಕ್ಕೆ ತೊಂದರೆ ಕೊಡುತ್ತದೆ. ಈ ವಿಷಯದಲ್ಲಿ ನಮ್ಮ ಊರಿನವರು ಪುಣ್ಯವಂತರು. ಸೆಕೆಗಾಲದಲ್ಲಿ ಮಾತ್ರ ಎಣ್ಣೆಯನ್ನು ಮೈಮೇಲೆ ಹಾಗೆಯೇ ಬಿಡದೆ ತೊಳೆಯಬೇಕು. ಬೆವರಿನ ರಂಧ್ರ ಮುಚ್ಚಿ ಬೆವರುಸಾಲೆ ಏಳುತ್ತದೆ, ಅದರ ಮೇಲೆ ಪೌಡರ್ ಚಿಮುಕಿಸಿದರೆ ಆ ಧೂಳು ಶ್ವಾಸಕೋಶಕ್ಕೆ. ಬೆವರುಸಾಲೆಗೆ ತಣ್ಣೀರು, ತೆಳು ಹತ್ತಿಬಟ್ಟೆ, ಗಾಳಿ ಸಾಕು.

ತಪ್ಪುವುದು ಎಲ್ಲೆಂದರೆ, ಎಣ್ಣೆ ಚರ್ಮ ಬಿಟ್ಟು ಬೇರೆ ಕಡೆ ಹೋದಾಗ. ಮೂಗಿಗೆ ಎರಡು ತೊಟ್ಟು, ಕಿವಿಗೆ ಎರಡು ತೊಟ್ಟು ಬಿಡುವ ಅಭ್ಯಾಸ ಉಂಟು. ಮೂಗಿಗೆ ಬಿಟ್ಟ ಎಣ್ಣೆ ಕೆಮ್ಮು ಬರಿಸದೆಯೇ ಮೆಲ್ಲ ಶ್ವಾಸಕೋಶಕ್ಕೆ ಜಾರಬಲ್ಲದು. ಅಲ್ಲಿ ಅದನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಇಲ್ಲ, ಕುಳಿತಲ್ಲೇ ಉರಿಯೂತ ಹುಟ್ಟಿಸುತ್ತದೆ. ಎಣ್ಣೆಯಿಂದ ಬರುವ ಈ ನ್ಯುಮೋನಿಯಾಕ್ಕೆ ವೈದ್ಯಶಾಸ್ತ್ರದಲ್ಲಿ ಬೇರೆ ಹೆಸರೇ ಉಂಟು: ಲಿಪಾಯ್ಡ್ ನ್ಯುಮೋನಿಯಾ. ನೆತ್ತಿಯ ಮೆತ್ತನೆ ಜಾಗಕ್ಕೆ ಎಣ್ಣೆ ಒತ್ತಿದರೆ ನೆತ್ತಿ ಬೇಗ ಕೂಡುತ್ತದೆ ಎನ್ನುವುದರಿಂದ ಕೆಡುಕೂ ಇಲ್ಲ, ಲಾಭವೂ ಇಲ್ಲ. ಅದು ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ ತಾನಾಗಿ ಕೂಡುತ್ತದೆ.

ಮಾವನ ಕರ್ಪೂರಕ್ಕೆ ಮಾತ್ರ ನಾನು ಸ್ವಲ್ಪವೂ ಬಗ್ಗುವುದಿಲ್ಲ. ಕರ್ಪೂರ ಮಕ್ಕಳಿಗೆ ನಂಜು. ಹೊಟ್ಟೆಗೆ ಹೋದರೆ ಸ್ವಲ್ಪದರಲ್ಲೇ ಅಪಸ್ಮಾರದಂತೆ ಸೆಳೆತ ಬರಿಸಬಲ್ಲದು, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಮೇಲೆ ಹೇಳಿದ ಎರಡೂವರೆ ಪಟ್ಟು ಚರ್ಮ, ಪಳಗದ ಲಿವರು, ಎರಡನ್ನೂ ಕೂಡಿಸಿ ನೋಡಿ. ಎದೆಗೆ ಹಚ್ಚುವ ಘಮಘಮ ಮುಲಾಮುಗಳಲ್ಲೂ ಕರ್ಪೂರ ಇರುತ್ತದೆ, ಎರಡು ವರ್ಷದೊಳಗಿನವರಿಗೆ ಅವು ಬೇಡ. ನೀಲಗಿರಿ ಎಣ್ಣೆಯದೂ ಅದೇ ಕಥೆ. ಅದನ್ನು ಮಗುವಿನ ಕೈಗೆಟುಕುವಲ್ಲಿ ಇಡಲೇಬಾರದು.

ಸಾಂಬ್ರಾಣಿ ಹೊಗೆಗೂ ಇದೇ ತರ್ಕ. ಕೂದಲು ಆರಿಸಲೆಂದು ಬೆಳೆದ ಪದ್ಧತಿ ಅದು. 4 ಮಿಲಿಮೀಟರ್ ನಾಳಕ್ಕೆ ಹೊಗೆ ತುಂಬಿಸಿದರೆ ಏನಾಗಬೇಕು ಹೇಳಿ. ಮೆತ್ತನೆ ಬಟ್ಟೆಯಲ್ಲಿ ತಲೆ ಒರೆಸಿದರೆ ಆಯಿತು. ಕಣ್ಣಿಗೆ ಕಾಡಿಗೆ ಬೇಡ, ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಕೆನ್ನೆಗೊಂದು ಬೊಟ್ಟು ಇಟ್ಟರೆ ದೃಷ್ಟಿಗೂ ಸಾಕು, ಕಣ್ಣಿಗೂ ಕ್ಷೇಮ.

ಕಟ್ಟಿದ ಮೂಗಿಗೆ ಏನು ಮಾಡುವುದು ಹಾಗಾದರೆ? ಔಷಧದಂಗಡಿಯಲ್ಲಿ ಸಿಗುವ ಬರೀ ಉಪ್ಪುನೀರಿನ ಹನಿ, ಹಾಲು ಕುಡಿಸುವ ಐದು ನಿಮಿಷ ಮೊದಲು. ಆ ಮೇ ಸಂಜೆ ಕೊನೆಗೆ ಕೆಲಸ ಮಾಡಿದ್ದು ಅದೇ. ಬಿಸಿನೀರಿನ ಹಬೆ ಹಿಡಿಸಬಾರದು, ಮೈ ಸುಟ್ಟೀತು. ಕೆಮ್ಮಿನ ಸಿರಪ್ಪೂ ಬೇಡ. ಮಧ್ಯಪ್ರದೇಶದಲ್ಲಿ ಕಲಬೆರಕೆಯ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಮೇಲೆ, 2025ರ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೇ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಬರೆಯಬಾರದು, ಕೊಡಬಾರದು ಎಂದು ಸೂಚಿಸಿತು. ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಕೊಡುವುದು (ನಮ್ಮಲ್ಲಿ ಅದಕ್ಕೂ ಸಾಂಬ್ರಾಣಿ ಎನ್ನುವವರುಂಟು, ಎರಡನ್ನು ಗೊಂದಲ ಮಾಡಿಕೊಳ್ಳಬೇಡಿ) ವರ್ಷ ದಾಟಿದ ಮಗುವಿಗೆ ಒಂದೆರಡು ಹನಿ ಆದೀತು. ಅದಕ್ಕೆ ಮೊದಲು ಅದೂ ಬೇಡ.

ನೆಗಡಿ ಬರೀ ನೆಗಡಿಯೋ, ಎದೆಗಿಳಿದಿದೆಯೋ ಎಂದು ತಿಳಿಯಲು ಮನೆಯಲ್ಲೇ ಒಂದು ಉಪಾಯ ಉಂಟು, ಯಾವ ಉಪಕರಣವೂ ಬೇಡ. ಮಗು ಅಳದೆ ಮಲಗಿರುವಾಗ ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಆಮೇಲೆ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಎಣಿಸುತ್ತ ಕೂರಬೇಡಿ, ಹೊರಡಿ.

ಹೊಟ್ಟೆಯ ಕಥೆ

ಬಜೆ, ಜಾಯಿಕಾಯಿ, ಅಣಲೆಕಾಯಿ, ಮಾಚಿಕಾಯಿ, ಒಣಶುಂಠಿ: ಸಾಣೆಕಲ್ಲಿನ ಮೇಲೆ ಒಂದೊಂದನ್ನು ಒಂದೆರಡು ಸುತ್ತು ತೇದು ನಾಲಗೆಗೆ ಸವರುವುದು. ಆ 'ಸುತ್ತು' ಎನ್ನುವುದು ಹಳಬರ ಪ್ರಮಾಣದ ಅಳತೆ, ಮಿಲಿಗ್ರಾಮಿನ ಹಾಗೆ. ಪ್ರಮಾಣ ಕಡಿಮೆ ಇರಬೇಕು ಎನ್ನುವ ಎಚ್ಚರ ಅವರಿಗಿತ್ತು, ಅದಕ್ಕೆ ಗೌರವ ಕೊಡಲೇಬೇಕು. ತೊಂದರೆ ಏನೆಂದರೆ ಕಲ್ಲಿನ ಒರಟು, ಬೇರಿನ ಬಲಿತನ, ತೇಯುವ ಕೈಯ ಬಲ ಯಾವುದೂ ಒಂದೇ ಸಮ ಇರುವುದಿಲ್ಲ. ಇಂದಿನ ಎರಡು ಸುತ್ತು ನಾಳೆಯ ಐದು ಸುತ್ತಿಗೆ ಸಮ ಆಗಬಹುದು. ಬಜೆಯಲ್ಲಿ ಬೀಟಾ ಆಸರೋನ್ ಎಂಬ ಹಾನಿಕರ ವಸ್ತು ಇರುತ್ತದೆ. ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದ್ದು ಈ ಕಾರಣಕ್ಕೆ. ಜಾಯಿಕಾಯಿ ಹೆಚ್ಚಾದರೆ ಮಂಪರು. "ಮದ್ದು ಕೊಟ್ಟ ಮೇಲೆ ಮಗು ಎಷ್ಟು ಚೆಂದ ಮಲಗಿತು" ಎನ್ನುವ ಮಾತಿನ ಹಿಂದೆ ಏನಿರಬಹುದು ಯೋಚಿಸಿ. ಕೈಗೆ ಬಜೆಯ ಕಾಪು ಕಟ್ಟುವುದನ್ನೂ ನಾನು ಬಿಡಿಸಿದೆ. ಕೈ ಬಾಯಿಗೆ ಹೋಗುವ ವಯಸ್ಸಿನಲ್ಲಿ ಅದು ಇಡೀ ದಿನ ಮದ್ದು ಚೀಪಿದ ಹಾಗೆ, ದಾರ ಕಡಿದರೆ ಗಂಟಲಿಗೂ ಸಿಕ್ಕೀತು.

ಮತ್ತೆ ಆ ಮದ್ದುಗಳಿಂದ ಹೊಟ್ಟೆನೋವು ಹೋದದ್ದು ಸುಳ್ಳಾ? ಸುಳ್ಳಲ್ಲ, ಕಾರಣ ಬೇರೆ. ಎಳೆಕೂಸುಗಳ ಸಂಜೆಯ ನಿಲ್ಲದ ಅಳು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಲ್ಲಿ ತಾನೇ ಇಳಿಯುತ್ತದೆ. ಅಳು ಜೋರಾದಾಗಲೇ ನಾವು ಮದ್ದು ಹುಡುಕುವುದು. ಹಾಗಾಗಿ ಆಗ ಏನು ಕೊಟ್ಟರೂ ಅದಕ್ಕೆ ಕೀರ್ತಿ: ಬಜೆಗೂ, ಓಮದ ನೀರಿಗೂ, ಗ್ರೈಪ್ ವಾಟರಿಗೂ. 1851ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಮೊದಲ ಗ್ರೈಪ್ ವಾಟರಿನಲ್ಲಿ ಮದ್ಯಸಾರವೂ ಇತ್ತು, ಮಗು ಸುಮ್ಮನಾಗದೆ ಇನ್ನೇನು ಮಾಡೀತು! ಹೆಗಲ ಮೇಲೆ ಹಾಕಿಕೊಂಡು ತೇಗಿಸಿ, ಮಗುವನ್ನು ಹೊತ್ತು ಜಗಲಿಯಲ್ಲಿ ಆಚೀಚೆ ನಡೆಯುವುದಕ್ಕಿಂತ ದೊಡ್ಡ ಮದ್ದು ಇದಕ್ಕಿಲ್ಲ. ನಮ್ಮ ಮನೆಯಲ್ಲಿ ಅದು ಮಾವನ ಡ್ಯೂಟಿ.

ಜೇನು ವರ್ಷ ತುಂಬುವವರೆಗೆ ಖಡಾಖಂಡಿತ ಬೇಡ. ಹುಟ್ಟಿದ ಕೂಡಲೇ ನಾಲಗೆಗೆ ಜೇನು, ಬಂಗಾರ ಮುಟ್ಟಿಸುವವರು ಇದ್ದಾರೆ. ಸುಳ್ಯ, ಬೆಳ್ತಂಗಡಿ ಕಡೆಯ ಅಪ್ಪಟ ಕಾಡುಜೇನೇ ಇರಲಿ, ಅದರಲ್ಲಿ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ನಮ್ಮ ಕರುಳಿನಲ್ಲಿ ಅವು ಮೊಳೆಯುವುದಿಲ್ಲ. ಮಗುವಿನ ಕರುಳಿನಲ್ಲಿ ಮೊಳೆತು ವಿಷ ಕಾರಿ ಸ್ನಾಯುಗಳನ್ನೇ ಸೋಲಿಸಬಲ್ಲವು. ಕಲಬೆರಕೆ ಇಲ್ಲದ ಜೇನು ಎಂಬ ಭರವಸೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಮನೆಯ ಒಲೆಯ ಬಿಸಿಗೆ ಬೀಜಕಣ ಸಾಯುವುದೂ ಇಲ್ಲ.

ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ, ನಮ್ಮ ಸೆಕೆಯಲ್ಲೂ ಬೇಡ. ಎದೆಹಾಲಿನಲ್ಲಿ ಹೆಚ್ಚಿನದು ನೀರೇ. ಡಾಕ್ಟರರು ಹೇಳುವ ವಿಟಮಿನ್ ಡಿ ಹನಿ (ದಿನಕ್ಕೆ 400 ಐಯು) ಮಾತ್ರ ಬಿಡಬಾರದು. ಆರು ತುಂಬಿದ ಮೇಲೆ ನಮ್ಮ ರಾಗಿ ಮಣ್ಣಿ ಬರುತ್ತದೆ. ರಾಗಿ ನೆನೆಸಿ ಅರೆದು ಹಾಲು ಹಿಂಡಿ ಕಾಯಿಸುವ ಈ ಮಣ್ಣಿಯಷ್ಟು ಒಳ್ಳೆಯ ಆರಂಭ ಬೇರೆ ಸಿಗಲಿಕ್ಕಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ. ಮೊಳಕೆ ಕಟ್ಟಿ ಒಣಗಿಸಿ ಪುಡಿ ಮಾಡಿದರೆ ಅದರ ಸತ್ವ ಮೈಗೆ ಹತ್ತುವುದು ಇನ್ನೂ ಸುಲಭ. ಬೆಲ್ಲ ಹಾಕಬೇಡಿ ಎಂದರೆ ಅಜ್ಜಿಯಂದಿರ ಮುಖ ಸಣ್ಣಗಾಗುತ್ತದೆ. ಮಾಗಿದ ಕದಳಿ ಬಾಳೆಹಣ್ಣು ಹಿಸುಕಿ ಸೇರಿಸಿದರೆ ಸಿಹಿಗೆ ಸಿಹಿಯೂ ಆಯಿತು, ಜಗಳವೂ ಮುಗಿಯಿತು. ಆದರೆ ಮಣ್ಣಿಯಲ್ಲೇ ವರ್ಷ ಕಳೆಯಬಾರದು. ಹೊಟ್ಟೆಯಲ್ಲಿರುವಾಗ ಕೂಡಿಟ್ಟ ಕಬ್ಬಿಣ ಆರು ತಿಂಗಳ ಹೊತ್ತಿಗೆ ಖಾಲಿಯಾಗುತ್ತ ಬರುತ್ತದೆ, ರಾಗಿಯ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಆಶಾ ಕಾರ್ಯಕರ್ತೆಯರು ತಂದುಕೊಡುವ, ವಾರಕ್ಕೆ ಎರಡು ಸಲ 1 ಮಿಲಿ ಹಾಕುವ ಕಬ್ಬಿಣದ ಸಿರಪ್ಪನ್ನು ಕಪಾಟಿನಲ್ಲಿ ಮರೆಯಬೇಡಿ. ತಿನ್ನುವ ಮನೆಯಾದರೆ ಮೊಟ್ಟೆ, ಕಾಣೆ, ಬೂತಾಯಿ ಎಲ್ಲ ಕೊಡಬಹುದು. ಬೂತಾಯಿಯ ಕೂದಲೆಳೆಯಂಥ ಮುಳ್ಳು ತೆಗೆಯುವ ತಾಳ್ಮೆ ಇದ್ದರೆ ಮಾತ್ರ, ಇಲ್ಲದಿದ್ದರೆ ಕಾಣೆಯೇ ಲೇಸು. ಸೊಪ್ಪು, ಬೇಳೆ ದಿನವೂ ಇರಲಿ.

ಭೇದಿಗೆ ಬರುತ್ತೇನೆ. ಚೌತಿಗೆ ಕುಂದಾಪುರ ಕಡೆಯ ನೆಂಟರ ಮನೆಗೆ ಹೋದಾಗ ಮಗಳಿಗೆ ಶುರುವಾಯಿತು. ಇವರು ಹೆದ್ದಾರಿಯ ಅಂಗಡಿಯಿಂದ ಓಆರ್‌ಎಸ್ ಎಂದು ಬರೆದ ಹಣ್ಣಿನ ರುಚಿಯ ಪೊಟ್ಟಣ ತಂದರು. ಕುಡಿಸಿದಷ್ಟೂ ಭೇದಿ ಹೆಚ್ಚಾಯಿತು. ಕಾರಣ ಆಮೇಲೆ ಗೊತ್ತಾಯಿತು. ಕರುಳಿನ ಗೋಡೆಯಲ್ಲಿ ಸಕ್ಕರೆಯೂ ಉಪ್ಪೂ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲುಗಳುಂಟು. ಭೇದಿಯಲ್ಲೂ ಅವು ಕೆಟ್ಟಿರುವುದಿಲ್ಲ. ಅವೆರಡರ ಬೆನ್ನಿಗೆ ನೀರು ಒಳಹೋಗುತ್ತದೆ. ಸಕ್ಕರೆ ಅಳತೆ ಮೀರಿದರೆ ಒಳಹೋಗದೆ ಕರುಳಲ್ಲೇ ಉಳಿದು, ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದು ಡ್ರಿಪ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು ಸಕ್ಕರೆಯ ದ್ರಾವಣ ಕಲಸಿ ಸಾವಿರಾರು ಜನರನ್ನು ಉಳಿಸಿದ್ದು ಇದೇ ಬಾಗಿಲಿನ ನಂಬಿಕೆಯಲ್ಲಿ. ಆ ಅಳತೆಯಲ್ಲೇ ಓಆರ್‌ಎಸ್ಸಿನ ಜೀವ ಇರುವುದು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಅಳತೆ ಇಲ್ಲದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಬಳಸುವಂತಿಲ್ಲ ಎಂದು ಆದೇಶಿಸಿತು. ನಮಗೆ ಸ್ವಲ್ಪ ತಡವಾಗಿ.

ಪೂರ್ತಿ ದೊಡ್ಡ ಪೊಟ್ಟಣ, ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಅರ್ಧರ್ಧ ಮಾಡುವ ಉಳಿತಾಯ ಬೇಡ, 24 ಗಂಟೆ ಕಳೆದದ್ದನ್ನು ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಚಮಚ ಚಮಚವಾಗಿ. ಜೊತೆಗೆ 14 ದಿನ ಜಿಂಕ್. ಎದೆಹಾಲು ನಿಲ್ಲಿಸಲೇಬಾರದು. ನಮ್ಮವರ ನೆಚ್ಚಿನ ಬೊಂಡ, ಅಂದರೆ ಎಳನೀರು, ಓಆರ್‌ಎಸ್ಸಿಗೆ ಬದಲಿ ಆಗುವುದಿಲ್ಲ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಭೇದಿಯಲ್ಲಿ ಹೆಚ್ಚಾಗಿ ಕಳೆದುಹೋಗುವ ಸೋಡಿಯಂ ತೀರಾ ಕಡಿಮೆ. ಗಂಜಿತಿಳಿ ಆರು ತಿಂಗಳು ದಾಟಿದವರಿಗೆ ಜೊತೆಯಲ್ಲಿ ನಡೆಯುತ್ತದೆ. ಕೂವೆ ಹಿಟ್ಟಿನ ಗಂಜಿಯೂ ಹಾಗೆಯೇ, ಅದು ಪಿಷ್ಟವಷ್ಟೇ, ಭೇದಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಉಚ್ಚೆ ಆರು ಗಂಟೆಯಿಂದ ಇಲ್ಲ, ಕಣ್ಣು ಗುಳಿಬಿದ್ದಿದೆ, ನೆತ್ತಿ ಕುಸಿದಿದೆ, ಮಂಕಾಗಿದೆ, ಕಕ್ಕದಲ್ಲಿ ರಕ್ತ ಇದೆ ಎಂದಾದರೆ ಆಸ್ಪತ್ರೆ.

ಜ್ವರದ ಮಾತು ಚಿಕ್ಕದು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಮುಟ್ಟಿದರೆ ಮಧ್ಯರಾತ್ರಿಯಾದರೂ ಡಾಕ್ಟರು. ಕಷಾಯಕ್ಕೂ ಕಾಯಬಾರದು, ಪ್ಯಾರಾಸಿಟಮಾಲಿಗೂ ಕಾಯಬಾರದು. ದೊಡ್ಡ ಮಗುವಿಗೆ ಪ್ಯಾರಾಸಿಟಮಾಲ್ ತೂಕದ ಲೆಕ್ಕದಲ್ಲಿ, ಕಿಲೋಗೆ 10ರಿಂದ 15 ಮಿಲಿಗ್ರಾಂ. ಡ್ರಾಪ್ಸಿನ 1 ಮಿಲಿಯಲ್ಲಿ 100 ಮಿಲಿಗ್ರಾಂ ಇರುವುದುಂಟು, ಸಿರಪ್ಪಿನಲ್ಲಿ 5 ಮಿಲಿಗೆ 120ರಿಂದ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಎಷ್ಟಾಯಿತು ಎಂದು ನೀವೇ ಗುಣಿಸಿ.

ಇನ್ನು ತಿರುಗಾಟ

ಹಳಬರು ನಲವತ್ತು ದಿನ ಹೊರಗೆ ಬಿಡುತ್ತಿರಲಿಲ್ಲ. ಅಮೆ, ಸೂತಕದ ಲೆಕ್ಕ ಏನೇ ಇರಲಿ, ಆರು ವಾರಕ್ಕೆ ಮೊದಲ ಸುತ್ತಿನ ಲಸಿಕೆ ಶುರುವಾಗುವುದು, ನಾಯಿಕೆಮ್ಮಿನದೂ ಅದರಲ್ಲೇ ಸೇರಿದೆ. ಆರು, ಹತ್ತು, ಹದಿನಾಲ್ಕು ವಾರದ ಮೂರು ಸುತ್ತು ಮುಗಿಯುವವರೆಗೆ ಸಂತೆ, ಮದುವೆ, ಜಾತ್ರೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಮನೆಯ ಸುತ್ತ ಬೆಳಗಿನ ಗಾಳಿಗೆ ಹತ್ತನೇ ದಿನವೂ ಹೋಗಬಹುದು. ದಡಾರದ ಲಸಿಕೆ ಒಂಬತ್ತು ತಿಂಗಳಿಗೆ, ಅಲ್ಲಿಯವರೆಗೆ ಎಲ್ಲರ ಕೈಯಿಂದ ಕೈಗೆ ದಾಟಿಸಿ ಮುತ್ತಿಕ್ಕಿಸುವುದನ್ನು ತಡೆದರೆ ನೆಂಟರು ಮುನಿಸಿಕೊಂಡಾರು, ಮುನಿಸಿಕೊಳ್ಳಲಿ.

ಹೋಗುವ ವಾಹನ ಮೊದಲ ಪ್ರಶ್ನೆ. ಸ್ಕೂಟರಿನಲ್ಲಿ ಗಂಡ ಹೆಂಡತಿ ನಡುವೆ ಕೂಸು ನಮ್ಮ ಊರಿನ ದಿನನಿತ್ಯದ ನೋಟ. 2023ರ ಫೆಬ್ರವರಿ 15ರಿಂದ ಜಾರಿಯಾದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟಿನ ಕವಚ, ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟ್, ವೇಗ 40 ಕಿಮೀ ಮೀರಬಾರದು. ಒಂಬತ್ತು ತಿಂಗಳೊಳಗೆ ಕುತ್ತಿಗೆಗೆ ಹೆಲ್ಮೆಟ್ಟಿನ ಭಾರವೇ ತಡೆಯದು. ಅಂದ ಮೇಲೆ ಅಷ್ಟು ಚಿಕ್ಕವರನ್ನು ಸ್ಕೂಟರಿಗೆ ಹತ್ತಿಸದಿರುವುದೇ ಸರಿ. ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂರಿಸಿಕೊಳ್ಳುವುದು ಅದಕ್ಕಿಂತಲೂ ಮೋಸದ ಜಾಗ. ಗಾಳಿಚೀಲ ಸಿಡಿದರೆ ಅದು ಮೊದಲು ಹೊಡೆಯುವುದು ಮಗುವಿಗೇ. ಹಿಂದಿನ ಸೀಟಿನಲ್ಲಿ, ಹಿಮ್ಮುಖವಾಗಿ, ಮಗುವಿನ ಸೀಟು. ಮತ್ತೆ ಮೀನು ತರಲು ಎರಡು ನಿಮಿಷ ಇಳಿದು ಮಗುವನ್ನು ಕಾರಿನಲ್ಲೇ ಬಿಡುವುದು ಎಂದೂ ಬೇಡ. ಬಿಸಿಲಿಗೆ ನಿಂತ ಕಾರಿನ ಒಳಗೆ 10 ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ.

ಕರಾವಳಿಯಲ್ಲಿ ಮಗುವನ್ನು ಹೊರಗೆ ಕರೆದೊಯ್ಯುವವರ ನಿಜವಾದ ಎದುರಾಳಿ ಸೆಕೆ. 33 ಡಿಗ್ರಿ ದೊಡ್ಡ ಬಿಸಿಲಲ್ಲ ಎನಿಸುತ್ತದೆ. ಆದರೆ ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮಗುವಿನ ದೇಹದಲ್ಲಿ ಶಾಖ ಬಿಡುವ ದೊಡ್ಡ ಜಾಗ ತಲೆ, ನಾವು ಅದಕ್ಕೇ ಉಣ್ಣೆ ಟೊಪ್ಪಿ ಹಾಕುತ್ತೇವೆ. ನೆರಳಿಗೆಂದು ತೆಳು ಹತ್ತಿಯ ಅಗಲ ಅಂಚಿನ ಟೊಪ್ಪಿ ಸರಿ. ಜೋಳಿಗೆಯಲ್ಲೋ ತಳ್ಳುಗಾಡಿಯಲ್ಲೋ ಮಲಗಿಸಿ ಮೇಲೆ ಶಾಲು ಮುಚ್ಚಿದರೆ ಒಳಗೆ ಒಲೆಯೇ. ಜೋಳಿಗೆಯಲ್ಲಿ ಮಗುವಿನ ಗಲ್ಲ ಎದೆಗೆ ಅಂಟದಂತೆ, ಮುಖ ಸದಾ ನಮಗೆ ಕಾಣುವಂತೆ ಇರಬೇಕು. ಆ 4 ಮಿಲಿಮೀಟರ್ ನೆನಪಿರಲಿ.

ಹಾಗಾಗಿ ಪಣಂಬೂರು, ತಣ್ಣೀರುಬಾವಿ, ಮಲ್ಪೆ ಯಾವ ಕಡಲತೀರವೇ ಆಗಲಿ, ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ. ಆರು ತಿಂಗಳೊಳಗೆ ಸನ್‌ಸ್ಕ್ರೀನ್ ಹಚ್ಚುವ ರೂಢಿ ಇಲ್ಲ, ಬಟ್ಟೆ ಮತ್ತು ನೆರಳೇ ಗತಿ. ಮರಳು ತಣಿದಿದೆಯೇ ಎಂದು ನಿಮ್ಮ ಬರಿಗಾಲಿನಲ್ಲಿ ನೋಡಿ. ಅಲೆಗೆ ಮಗುವಿನ ಪಾದ ಮುಟ್ಟಿಸಿ ಫೋಟೋ ತೆಗೆಯುವ ಆಸೆ ಎಲ್ಲರಿಗೂ ಉಂಟು, ನನಗೂ ಇತ್ತು. ಮೊಣಕಾಲು ನೀರಿನಲ್ಲೂ ಹಿಂದೆಳೆಯುವ ಅಲೆ ನಿಂತವರನ್ನು ಬೀಳಿಸುತ್ತದೆ, ಕೈಯಲ್ಲಿ ಮಗು ಇದ್ದರೆ ಸಾವರಿಸಿಕೊಳ್ಳಲು ಕೈಯೇ ಇರುವುದಿಲ್ಲ. ಒದ್ದೆ ಮರಳಿನ ಅಂಚಿನಲ್ಲಿ ಕೂತರೆ ಸಾಕು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಸರಿಯಾಗಿ ಬೇಕೆನ್ನುವವರಿಗೆ 2020ರಲ್ಲಿ ಬ್ಲೂ ಫ್ಲಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಗುರುತು) ಮನ್ನಣೆ ಪಡೆದ ಪಡುಬಿದ್ರಿ ಕಡಲತೀರ ಅನುಕೂಲ. ಸೈಂಟ್ ಮೇರೀಸ್ ದ್ವೀಪವನ್ನು ಮಗು ನಡೆಯುವವರೆಗೆ ಮುಂದೂಡಿದ್ದೇವೆ. ಕಂಬ ನೆಟ್ಟಂಥ ಆ ಬಂಡೆಗಳ ಚೆಂದ ಮಗುವಿಗೆ ಗೊತ್ತಾಗದು, ದೋಣಿ ಹತ್ತಿಳಿಯುವ ಕುಲುಕಾಟ, ಬಿಸಿಲು ಎರಡೂ ಗೊತ್ತಾಗುತ್ತದೆ. ಮಳೆಗಾಲದಲ್ಲಂತೂ ದೋಣಿಯೇ ಹೋಗುವುದಿಲ್ಲ.

ನೆರಳು ಬೇಕಾದರೆ ಪಿಲಿಕುಳ. ಕೆರೆಯ ಬದಿ, ಗುತ್ತಿನ ಮನೆ, ಮರಗಳ ಕೆಳಗೆ ಮಗು ಕಣ್ಣರಳಿಸಿ ಮೇಲೆ ನೋಡುತ್ತ ಮಲಗಿರುತ್ತದೆ. ಇಡೀ ನಿಸರ್ಗಧಾಮವನ್ನು ಒಂದೇ ದಿನ ಮುಗಿಸುವ ಹಟ ಬೇಡ. ಒಂದೂವರೆ ಗಂಟೆ ಅವರ ತಾಳ್ಮೆಯ ಮಿತಿ, ನಮ್ಮದೂ. ಕದ್ರಿ ಪಾರ್ಕು, ಮಣಿಪಾಲದ ಎಂಡ್ ಪಾಯಿಂಟ್ ಬೆಳಗಿನ ಅರ್ಧ ಗಂಟೆಗೆ ಹೇಳಿ ಮಾಡಿಸಿದ್ದು. ಆಗುಂಬೆಗೆ ಹೊರಟರೆ 14 ತಿರುವುಗಳಲ್ಲಿ ವಾಂತಿ ಮಾಡುವವರು ದೊಡ್ಡವರೇ, ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಕರಿಕೆ ಅಪರೂಪ. ಅವರಿಗೆ ಕಷ್ಟವಾಗುವುದು ಘಾಟಿ ಇಳಿಯುವಾಗ ಕಿವಿಯ ಒತ್ತಡ. ಮೇಲೇ ನಿಲ್ಲಿಸಿ ಪೂರ್ತಿ ಕುಡಿಸಿಬಿಟ್ಟರೆ ಇಳಿಯುವಾಗ ಗೋಳು. ಹಸಿವು ಸ್ವಲ್ಪ ಉಳಿಸಿಕೊಂಡು, ನಡುದಾರಿಯಲ್ಲಿ ಜಾಗ ನೋಡಿ ನಿಲ್ಲಿಸಿ ಕುಡಿಸಿದರೆ ನುಂಗುವಾಗ ಕಿವಿ ಬಿಟ್ಟುಕೊಳ್ಳುತ್ತದೆ.

ನೇಮ (ದೈವದ ಕೋಲ), ಯಕ್ಷಗಾನ, ರಥೋತ್ಸವಗಳನ್ನು ಬಿಟ್ಟಿರಲು ನಮ್ಮಂಥವರಿಗೆ ಆಗುವುದಿಲ್ಲ. ಮಗುವಿನ ಕಿವಿಯ ಕೊಳವೆ ಚಿಕ್ಕದು, ಅದರಲ್ಲಿ ಏರುದನಿಯ ಸದ್ದು ನಮಗಿಂತ ಜೋರಾಗಿ ಹೋಗುತ್ತದೆ. ಚೆಂಡೆಯ ಪಕ್ಕ, ಧ್ವನಿವರ್ಧಕದ ಎದುರು, ಗರ್ನಾಲು ಸಿಡಿಸುವ ಗದ್ದೆಯ ಅಂಚಿನಲ್ಲಿ ನಿಲ್ಲಬೇಡಿ. ಮಾತಾಡಲು ಕೂಗಬೇಕಾಯಿತು ಎಂದರೆ ಮಗುವಿಗೆ ಆ ಜಾಗ ಅಲ್ಲ. ಮನೆಯ ದೈವಕ್ಕೆ ಹರಕೆ ಒಪ್ಪಿಸಿ, ಪ್ರಸಾದ ತಗೊಂಡು, ದೈವದ ಕಾಲಿಗೆ ಗಗ್ಗರ ಕಟ್ಟುವ ಮೊದಲು ಒಬ್ಬರು ಮಗುವಿನ ಜೊತೆ ಮನೆಗೆ ಬರುವುದು ನಮ್ಮಲ್ಲಿ ಈಗ ಒಪ್ಪಂದ. ಸರದಿ ಮೇಲೆ. ಹೋದ ಸಲ ನನ್ನದು ತಪ್ಪಿತ್ತು, ಈ ಸಲ ಇವರದ್ದು.

ಸೊಳ್ಳೆಗೆ ಬಲೆಯೇ ಮೊದಲ ಮದ್ದು, ಮಂಗಳೂರು ಮಲೇರಿಯಾ ಡೆಂಗಿ ಎರಡನ್ನೂ ಕಂಡ ಊರು. ಮಲೇರಿಯಾದ ಸೊಳ್ಳೆ ಕತ್ತಲಾದ ಮೇಲೆ ಕಚ್ಚಿದರೆ ಡೆಂಗಿಯದ್ದು ಹಗಲು ಹೊತ್ತಿನದು. ಹಾಗಾಗಿ ಹಗಲು ಮಲಗಿದಾಗಲೂ ಬಲೆ ಇರಬೇಕು. ಎರಡು ತಿಂಗಳೊಳಗೆ ಯಾವ ಸೊಳ್ಳೆ ಮುಲಾಮೂ ಬೇಡ. ನೀಲಗಿರಿ ಜಾತಿಯ ನಿಂಬೆವಾಸನೆಯ ಎಣ್ಣೆ ನೈಸರ್ಗಿಕ ಎಂದು ಬರೆದಿರುತ್ತದೆ, ಅದು ಮೂರು ವರ್ಷದೊಳಗಿನವರಿಗೆ ಹೇಳಿದ್ದೇ ಅಲ್ಲ.

ಚೀಲದಲ್ಲಿ ಎರಡು ಓಆರ್‌ಎಸ್ ಪೊಟ್ಟಣ, ಉಪ್ಪುನೀರಿನ ಹನಿ, ಥರ್ಮಾಮೀಟರ್, ಲಸಿಕೆ ಕಾರ್ಡಿನ ಫೋಟೋ ಮೊಬೈಲಿನಲ್ಲಿ, ತೆಳು ಬಟ್ಟೆ ನಾಲ್ಕು. ಹಿಂಡಿಟ್ಟ ಎದೆಹಾಲು ತರುವುದಾದರೆ ಐಸ್ ಇಟ್ಟ ಡಬ್ಬಿಯಲ್ಲಿ. ಹೊರಗೆ 25 ಡಿಗ್ರಿಯಲ್ಲಿ ನಾಲ್ಕು ಗಂಟೆ ಬಾಳುವುದು ನಮ್ಮ ಸೆಕೆಯಲ್ಲಿ ಅಷ್ಟು ಬಾಳುವುದಿಲ್ಲ. ಕಡಲಿಂದ ಬಂದ ಕೂಡಲೇ ತೊಡೆಸಂದಿ, ಕುತ್ತಿಗೆ ಮಡಿಕೆಯ ಮರಳು ಸಿಹಿನೀರಿನಲ್ಲಿ ತೊಳೆದು ಆರಿಸಬೇಕು, ಉಜ್ಜಬಾರದು. ಆ ಕೆಲಸಕ್ಕೆ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಮೊದಲೇ ಕೂತಿರುತ್ತಾರೆ. ಪಕ್ಕದಲ್ಲಿ ತೆಂಗಿನೆಣ್ಣೆಯ ಗಿಂಡಿ, ಕರ್ಪೂರ ಹಾಕದ್ದು.